ನದೀತೀರದಲ್ಲಿ ಏಳು ದಿನ

ನಮ್ಮ ಹಿರಿಯರು ಸಯಾಂ ಎಂದು ಕರೆಯುತ್ತಿದ್ದ ಥಾಯ್ಲೆಂಡ್ ದೇಶದಲ್ಲಿ ಗಂಡುಮಕ್ಕಳು ಬಾಳಿನಲ್ಲಿ ಒಮ್ಮೆಯಾದರೂ ಕಾಷಾಯವನ್ನುಟ್ಟು ಕೆಲವು ಕಾಲ ವಿಹಾರದಲ್ಲಿ ಕಳೆಯುವ ವಾಡಿಕೆಯುಂಟು. ಬೇಸಗೆಯ ರಜೆ ಬಂದಿತೆಂದರೆ ಶಾಲೆಯ ಹುಡುಗರು ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡು, ಭಿಕ್ಷಾಪಾತ್ರೆ ಹಿಡಿದು, ಮುಂಜಾವಿನಲ್ಲಿ ಸಾಲಾಗಿ ಹೋಗುವುದನ್ನು ಉದ್ಯೋಗನಿಮಿತ್ತ 2016ರಿಂದ ಬ್ಯಾಂಕಾಕ್ ನಗರದಲ್ಲಿರುವ ನಾವು ಕಾಣುತ್ತ ಬಂದಿದ್ದೇವೆ. ಅದು ಆ ನಾಡಿನ ಮಕ್ಕಳ ಮಾತೆಂದೇ ನಾವು ಎಣಿಸಿದ್ದೆವು. 2025ರ ಏಪ್ರಿಲಿನಲ್ಲಿ ಹದಿನಾರು ವರ್ಷದ ನಮ್ಮ ಮಗನು, ಸಹಪಾಠಿಯೊಬ್ಬನೊಡನೆ ಏಳು ದಿನದ ಧ್ಯಾನಶಿಬಿರಕ್ಕೆ ಹೋಗುವೆನೆಂದು ಹೇಳಿದಾಗ ಮನೆಯಲ್ಲಿ ಗಲಿಬಿಲಿಯೇ ಆಯಿತು.

ಮೈಸೂರಿನಲ್ಲಿರುವ ನಮ್ಮ ತಾಯಿಯವರು ದೂರವಾಣಿಯಲ್ಲಿ, “ಬೋಳಿಸಿಬಿಟ್ಟಾರು ಕಣಪ್ಪ, ಇರುವವನೊಬ್ಬ ಮೊಮ್ಮಗ” ಎಂದು ಕಣ್ಣೀರಿಟ್ಟರು. ಬೋಳಿಸುವುದಿಲ್ಲವೆಂದೂ, ಬಿಳಿಯ ಬಟ್ಟೆಯುಟ್ಟು ಅಷ್ಟಶೀಲಗಳನ್ನು ಪಾಲಿಸಿಕೊಂಡಿದ್ದರೆ ಸಾಕೆಂದೂ ಹೇಳಿ ಸಮಾಧಾನಪಡಿಸಿದೆವು.

ಅವರ ಅಂಜಿಕೆಗೆ ಕಾರಣವಿದ್ದಿತು. 2021ರ ಮೇ ತಿಂಗಳಲ್ಲಿ, ಕೊರೋನಾ ಜಾಡ್ಯದ ಎರಡನೆಯ ಅಲೆಯಲ್ಲಿ, ನಮ್ಮ ತಂದೆಯವರು ತೀರಿಕೊಂಡರು. ಭಾರತಕ್ಕೆ ಎಂದಿನ ವಿಮಾನಸಂಚಾರವು ಹಿಂದಿನ ವರ್ಷದ ಮಾರ್ಚಿನಿಂದಲೇ ನಿಂತಿದ್ದಿತು. ನಾವು ಹೋಗಲಾಗಲಿಲ್ಲ. ನಮ್ಮ ಸೋದರನು ಕರ್ಮಗಳನ್ನು ನಡೆಸಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿಯನ್ನು ವಿಸರ್ಜಿಸಿದನು. ನಾವು ಅಂಗೈಯಗಲದ ಗಾಜಿನ ಮೇಲೆ ಅದನ್ನು ನೋಡಿದೆವು. ಆಗ ಹನ್ನೆರಡು ವರ್ಷದವನಾಗಿದ್ದ ಹುಡುಗನು ನಡುವೆಯೇ ಎದ್ದುಹೋದನು. ಪ್ರತಿ ಭಾನುವಾರ ತಾತನೊಡನೆ ಗಂಟೆಗಟ್ಟಲೆ ಹರಟುತ್ತಿದ್ದವನು ಆ ಬಳಿಕ ತಾತನ ಹೆಸರೆತ್ತಿದರೆ ಕೊಠಡಿಯ ಬಾಗಿಲು ಹಾಕಿಕೊಳ್ಳುವನು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಿನ ಉತ್ತರ ಬರುವುದು. ಅಜ್ಜಿಗೆ ಅದೂ ಇಲ್ಲ. ನಾಲ್ಕು ವರ್ಷ ಹೀಗೆಯೇ ಕಳೆಯಿತು. ಮಾತನ್ನು ಬಿಟ್ಟ ಹುಡುಗನು ಮನೆಯನ್ನೂ ಬಿಟ್ಟಾನೆಂದು ತಾಯಿಯವರು ಹೆದರಿದ್ದು ಸಹಜವೇ.

ವಿಹಾರವಿರುವುದು ಚಾವೊ ಫ್ರಾಯ ನದಿಯ ಪಶ್ಚಿಮದ ದಡದಲ್ಲಿ. ಅಲ್ಲಿ ಮೌನವೆಂಬುದು ಹೆಸರಿಗೆ ಮಾತ್ರ. ಮೋಟಾರು ಗಾಡಿಯ ಯಂತ್ರವನ್ನೇ ಕೂರಿಸಿ, ಉದ್ದನೆಯ ಕೋಲಿನ ತುದಿಗೆ ಚಕ್ರ ಕಟ್ಟಿದ ಬಾಲದ ದೋಣಿಗಳು ಹಗಲೆಲ್ಲ ಕಿವಿ ಸೀಳುವಂತೆ ಓಡಾಡುತ್ತವೆ. ಕೈದೂರವಾಣಿಯನ್ನು ಬಾಗಿಲಲ್ಲೇ ಒಪ್ಪಿಸತಕ್ಕದ್ದು; ಮಧ್ಯಾಹ್ನ ತಿರುಗಿದ ಮೇಲೆ ಊಟವಿಲ್ಲ; ನೆಲದ ಮೇಲೆ ಚಾಪೆ. ಮೀನಿನ ಸಾರವಿಲ್ಲದ ಅಡುಗೆ ಈ ದೇಶದಲ್ಲಿ ಅಪರೂಪವಾದುದರಿಂದ ನಮ್ಮ ಗೃಹಿಣಿಗೆ ಊಟದ ಚಿಂತೆಯೇ ದೊಡ್ಡದಾಗಿದ್ದಿತು. ಆದರೆ ಇಲ್ಲಿ ‘ಜೇ’ ಎಂಬ ಕ್ರಮದ ಶಾಕಾಹಾರವೊಂದಿದೆ. ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧ! ಮಡಿಯಲ್ಲಿ ನಮ್ಮ ಅಜ್ಜಿಯಂದಿರಿಗೆ ಅದೇನೂ ಕಡಿಮೆಯದಲ್ಲ.

ಉಸಿರಾಡುವಾಗ ಹೊಟ್ಟೆ ಉಬ್ಬುವುದನ್ನೂ ತಗ್ಗುವುದನ್ನೂ ಗಮನಿಸಿ, ಮನಸ್ಸಿನಲ್ಲೇ ಅದನ್ನು ಹೆಸರಿಟ್ಟು ಹೇಳಿಕೊಳ್ಳುವುದು ಅಲ್ಲಿಯ ಪದ್ಧತಿ. ಥಾಯ್ ಭಾಷೆಯಲ್ಲಿ ‘ಪೋಂಗ್ ನೋ, ಯೂಪ್ ನೋ’ ಎನ್ನುವರು. ಬರ್ಮಾ ದೇಶದ ಮಹಾಸಿ ಸಯಾಡೊ (1904–1982) ಎಂಬ ಸ್ಥವಿರರು ಪ್ರಚಾರಕ್ಕೆ ತಂದ ಈ ಕ್ರಮವು 1950ರ ದಶಕದಲ್ಲಿ ಬ್ಯಾಂಕಾಕಿನ ಮಹಾಧಾತು ವಿಹಾರದ ಮೂಲಕ ಈ ನಾಡಿನಲ್ಲಿ ಹರಡಿತು. ನಡೆಯುವಾಗ ಹೆಜ್ಜೆ ಎತ್ತುವುದು, ಮುಂದೆ ಒಯ್ಯುವುದು, ಊರುವುದು, ಇಷ್ಟಕ್ಕೂ ಹೆಸರುಂಟು. ದೋಣಿ ಅರಚಿದರೆ ‘ಕೇಳಿಸುತ್ತಿದೆ’; ಸೊಳ್ಳೆ ಕಚ್ಚಿದರೆ ‘ತುರಿಕೆ’. ದೋಣಿಯನ್ನು ಶಪಿಸುವ ಹಾಗಿಲ್ಲ. ಯಾವ ಭಾಷೆಯಾದರೂ ಆದೀತೆಂದು ಭಿಕ್ಷುಗಳು ಮೊದಲ ದಿನವೇ ಹೇಳಿದರಂತೆ. ಮಗನು ಇಂಗ್ಲಿಷನ್ನು ಹಿಡಿದನು.

ಐದನೆಯ ದಿನ ಅವನು ದೋಣಿಗಳು ನಿಲ್ಲುವ ಕಟ್ಟೆಯ ಬಳಿ ಹೆಜ್ಜೆಯಿಡುತ್ತಿದ್ದನು. ಅಲ್ಲಿ ನೀರು ಕಪ್ಪಾಗುವಷ್ಟು ಮೀನುಗಳು. ವಿಹಾರದ ಮುಂದಿನ ನೀರಿನಲ್ಲಿ ಮೀನು ಹಿಡಿಯಬಾರದೆಂದು ‘ಖೇತ್ ಅಫೈ ತಾನ್’ ಎಂಬ ಫಲಕ ಹಾಕಿರುತ್ತಾರೆ. ಬಿಡಿಸಿ ನೋಡಿದರೆ ಅದು ನಮ್ಮ ‘ಕ್ಷೇತ್ರ’, ‘ಅಭಯ’, ‘ದಾನ’ ಎಂಬ ಪದಗಳೇ. ಯಾರೋ ಮುದುಕರೊಬ್ಬರು ಮೊಮ್ಮಗುವಿನ ಕೈಯಿಂದ ಮೀನುಗಳಿಗೆ ರೊಟ್ಟಿಯ ಚೂರು ಹಾಕಿಸುತ್ತಿದ್ದರು. 2018ರಲ್ಲಿ ನಾವು ರಜೆಯ ಮೇಲೆ ಊರಿಗೆ ಹೋಗಿದ್ದಾಗ ತಂದೆಯವರು ಹುಡುಗನನ್ನು ಶೃಂಗೇರಿಗೆ ಕರೆದೊಯ್ದು, ತುಂಗೆಯ ಮೆಟ್ಟಿಲಮೇಲೆ ಕೂರಿಸಿಕೊಂಡು ಹೀಗೆಯೇ ಮೀನಿಗೆ ಹಾಕಿಸಿದ್ದರು. ಅಲ್ಲಿಯೂ ಮೀನುಗಳಿಗೆ ಅಭಯವಿದೆಯಷ್ಟೆ.

ಹುಡುಗನ ಹೆಜ್ಜೆ ನಿಂತಿತು. ಸಮೀಪದಲ್ಲಿದ್ದ ಭಿಕ್ಷುಗಳು ಬಂದು, ಏನಾಯಿತೆಂದು ಕೇಳದೆ, “ಅದಕ್ಕೂ ಹೆಸರಿಡು” ಎಂದರಂತೆ. ಇಂಗ್ಲಿಷಿನ ಮಾತು ಯಾವುದೂ ಒಗ್ಗಲಿಲ್ಲ. ‘ಅಳು, ಅಳು’ ಎಂದು ಕನ್ನಡವೇ ಬಂದಿತು, ಅಳುವೂ ಬಂದಿತು. ಉಳಿದೆರಡು ದಿನ ಕನ್ನಡದಲ್ಲೇ ಹೊಟ್ಟೆ ಉಬ್ಬಿತು, ತಗ್ಗಿತು.

ಕೊನೆಯ ದಿನ ನಾವಿಬ್ಬರೂ ಕರೆತರಲು ಹೋದೆವು. ಭಿಕ್ಷುಗಳು ಹೆಂಗಸರ ಕೈಯಿಂದ ನೇರವಾಗಿ ಏನನ್ನೂ ಸ್ವೀಕರಿಸುವುದಿಲ್ಲ. ಅವರು ಹಾಸಿದ ಬಟ್ಟೆಯ ಮೇಲೆ ನಮ್ಮ ಗೃಹಿಣಿ ಹಣ್ಣಿನ ಬುಟ್ಟಿಯನ್ನಿಟ್ಟಳು. ಮೇಲೆ ಹೇಳಿದುದೆಲ್ಲವನ್ನೂ ಹುಡುಗನು ಹಿಂದಿರುಗುವ ದೋಣಿಯಲ್ಲಿ ತಡವರಿಸುತ್ತ, ಅಲ್ಲಲ್ಲಿ ಇಂಗ್ಲಿಷ್ ಬೆರೆಸಿ, ತಾನಾಗಿಯೇ ಹೇಳಿದನು. ಧ್ಯಾನದಿಂದ ದುಃಖವು ನೀಗುವುದೆನ್ನುವವರ ಮಾತನ್ನು ನಾವು ಒಪ್ಪಲಾರೆವು. ಇವನ ದುಃಖವೇನೂ ನೀಗಿರಲಿಲ್ಲ. ಮಾತಿನ ನಡುವೆ ಎರಡು ಸಲ ಮುಖ ತಿರುಗಿಸಿಕೊಂಡನು. ಆದರೆ ಮಾತನ್ನು ಬಿಡಲಿಲ್ಲ.

ಅಂದು ರಾತ್ರಿ ಅವನೇ ಅಜ್ಜಿಯನ್ನು ದೂರವಾಣಿಯಲ್ಲಿ ಕರೆದು, “ಅಜ್ಜಿ, ಶೃಂಗೇರಿಯಲ್ಲಿ ತಾತ ಮೀನಿಗೆ ಹಾಕಿಸಿದರಲ್ಲ, ಅದರ ಹೆಸರೇನು?” ಎಂದು ಕೇಳಿದನು.

ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವಿಲ್ಲ.

“ಪುರಿ ಕಣೋ, ಮಗು. ಅರ್ಧ ನೀನೇ ತಿಂದುಬಿಟ್ಟೆ ಅಂತ ಮನೆಗೆ ಬಂದು ಹೇಳಿ ನಗುತ್ತಿದ್ದರು.”

ಅಜ್ಜಿ ಮೊಮ್ಮಗನ ಮಾತು ರಾತ್ರಿ ಹನ್ನೊಂದರವರೆಗೂ ನಡೆಯಿತು. ಕಟ್ಟಕಡೆಗೆ ತಾಯಿಯವರು ನಮ್ಮನ್ನು ಕರೆಸಿ, ಆರು ರಾತ್ರಿ ಊಟವಿಲ್ಲದೆ ಮಗುವನ್ನು ಮಲಗಗೊಟ್ಟಿರೆಂದು ಚೆನ್ನಾಗಿ ಬೈದರು.