ಗಾಡಿಮನೆಯ ಬಾಗಿಲು

ಮನೆಯನ್ನು ಅಂಕಣಗಳಿಂದ ಅಳೆಯುವುದು ನಮ್ಮ ಕಡೆಯ ಹಳೆಯ ರೂಢಿ. ಎರಡು ಕಂಬಗಳ ನಡುವಣ ಅಂತರವೇ ಒಂದು ಅಂಕಣ. ಹೆಣ್ಣು ಕೊಡಲು ಬಂದವರು ಗಂಡಿನ ಗುಣವನ್ನು ವಿಚಾರಿಸುವುದಕ್ಕೆ ಮೊದಲು ಮನೆ ಎಷ್ಟು ಅಂಕಣದ್ದೆಂದು ಕೇಳುತ್ತಿದ್ದರಂತೆ. ಮೂಕಂಡಪಲ್ಲಿಯ ನಮ್ಮ ಮನೆ ಒಂಬತ್ತು ಅಂಕಣದ್ದು. ಈ ಒಂಬತ್ತರಲ್ಲಿ ಸೇರದೆ, ಅಂಗಳದ ಇನ್ನೊಂದು ಮಗ್ಗುಲಲ್ಲಿ ಒಂಟಿಯಾಗಿ ನಿಂತಿರುವುದು ಗಾಡಿಮನೆ. ಮನುಷ್ಯರು ಮಲಗದ ಜಾಗವನ್ನು ಅಂಕಣವೆಂದು ಎಣಿಸುವಂತಿರಲಿಲ್ಲ. ಆದರೆ ಈಗ ಮನೆಯನ್ನು ಕುರಿತು ಬರೆಯಹೊರಟರೆ ಮೊದಲು ಕಣ್ಣಮುಂದೆ ನಿಲ್ಲುವುದು ಅದೇ. ಕಳೆದ ಎರಡು ವರ್ಷ ನಮ್ಮ ಕುಟುಂಬದಲ್ಲಿ ನಡೆದ ವಾದವಿವಾದವೆಲ್ಲ ಅದರ ಬಾಗಿಲಿನ ಎತ್ತರವನ್ನು ಕುರಿತದ್ದು.

ಊರನ್ನು ಅರಿಯದವರಿಗಾಗಿ ಎರಡು ಮಾತು. ಹೊಸೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಜೂಜುವಾಡಿಯ ಗಡಿಗೆ ಮುನ್ನವೇ ಸಿಗುವ ಊರು ನಮ್ಮದು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ವಿಂಗಡವಾದಾಗ ಹೊಸೂರು ಸೀಮೆ ಮದರಾಸಿನಲ್ಲಿಯೇ ಉಳಿಯಿತು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಮನೆ ಇದ್ದಲ್ಲಿಂದ ಕದಲದಿದ್ದರೂ ಅದರ ವಿಳಾಸ ಮೂರು ಜಿಲ್ಲೆಗಳನ್ನು ಸುತ್ತಿ ಬಂದಿದೆ. ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂಬ ನಮ್ಮ ಹಿರಿಯರ ಏರ್ಪಾಟು ಈ ಯಾವ ಬದಲಾವಣೆಗೂ ಜಗ್ಗಲಿಲ್ಲ.

ಮನೆಯೆಂದರೆ ಮಣ್ಣಿನ ಗೋಡೆ, ನಾಡಹೆಂಚು, ನಡುವೆ ತೊಟ್ಟಿ. ಬೀದಿಯ ಕಡೆಗೆ ಉದ್ದನೆಯ ಜಗಲಿ. ಹಿತ್ತಲಿನಾಚೆ ಕಣ, ಕಣದ ಅಂಚಿನಲ್ಲಿ ಹುಲ್ಲಿನ ಮೆದೆ. ಕಲ್ಲಿಗೆ ಬಡತನವಿಲ್ಲದ ಸೀಮೆಯಾದುದರಿಂದ ಗಾಡಿಮನೆಯ ಬಾಗಿಲಿಗೆ ಮರದ ತೊಲೆಯ ಬದಲು ಒಂದೇ ಚಪ್ಪಡಿಯನ್ನು ಹೊದಿಸಿದ್ದರು. ಅದರ ಉದ್ದ ಒಂಬತ್ತು ಅಡಿ. ನೆಲದಿಂದ ಎತ್ತರ ಎಂಟು ಅಡಿ. ಕಮಾನು ಕಟ್ಟಿದ ಸವಾರಿಗಾಡಿ ತಲೆ ತಾಗಿಸಿಕೊಳ್ಳದೆ ಒಳಗೆ ಹೋಗುವಷ್ಟು ಎತ್ತರ ಅದು.

ನಮ್ಮಲ್ಲಿ ಗಾಡಿಗಳು ಎರಡಿದ್ದವು. ಗೊಬ್ಬರ, ಹುಲ್ಲು, ರಾಗಿಯ ಹೊರೆ ಹೊರುವ ಗಾಡಿ ಹೊಂಗೆಯ ಮರದಡಿಯಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಲ್ಲುತ್ತಿತ್ತು. ಗಾಡಿಮನೆ ಇದ್ದದ್ದು ಸವಾರಿಗಾಡಿಗೆ ಮಾತ್ರ. ದುಡಿಯುವ ಗಾಡಿಗೆ ಮರದ ನೆರಳು, ತಿರುಗಾಡುವ ಗಾಡಿಗೆ ಹೆಂಚಿನ ಸೂರು! ಈ ನ್ಯಾಯವನ್ನು ಯಾರೂ ಪ್ರಶ್ನಿಸಿದಂತೆ ತೋರದು. ಸವಾರಿಗಾಡಿಯಲ್ಲಿ ಒಂದು ಬುಟ್ಟಿ ಗೊಬ್ಬರವನ್ನೂ ಹಾಕುವಂತಿರಲಿಲ್ಲ. ಮದುವೆಯ ದಿಬ್ಬಣ, ತವರಿಗೆ ಬರುವ ಹೆಣ್ಣುಮಕ್ಕಳು, ಜಾತ್ರೆ ಇವಿಷ್ಟೇ ಅದರ ಕೆಲಸ. ಉಳಿದ ಕಾಲದಲ್ಲಿ ಅದರ ಚಕ್ರಗಳು ಕಲ್ಲಿನ ಹಾಸಿನ ಮೇಲಿರುತ್ತಿದ್ದವು. ಮೂಕಿಯನ್ನು ಹಗ್ಗ ಹಾಕಿ ಜಂತೆಗೆ ಎತ್ತಿಕಟ್ಟುತ್ತಿದ್ದರು. ಗೋಡೆಯ ಗೂಟದಲ್ಲಿ ಕೀಲೆಣ್ಣೆಯ ಬಿದಿರ ಕೊಳವೆ ತೂಗುತ್ತಿತ್ತು. ಸುಟ್ಟ ಹುಲ್ಲಿನ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ತಾತನವರೇ ಅದನ್ನು ತಯಾರಿಸುತ್ತಿದ್ದರು. ಆ ಕೊಳವೆಯನ್ನು ಮುಟ್ಟಿ ಬಂದ ನಮ್ಮ ಅಂಗಿಗಳ ಕರಿಯನ್ನು ಅಜ್ಜಿಯ ಸೀಗೆಕಾಯಿಯೂ ತೆಗೆಯಲಾರದೆ ಹೋದದ್ದು ಬೇರೆ ಕಥೆ.

ಆ ಗಾಡಿಯ ದೊಡ್ಡ ಪಯಣವೆಂದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯದು. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಸುಮಾರಿಗೆ ಅಲ್ಲಿ ಸೇರುವ ಜಾತ್ರೆಗೆ ಹೊಸೂರು ಸೀಮೆಯ ರೈತರು ರಾಸು ಕೊಳ್ಳಲೆಂದೂ ಮಾರಲೆಂದೂ ಹೋಗುತ್ತಿದ್ದರು. ಬೆಂಗಳೂರನ್ನು ಬಳಸಿಕೊಂಡು ಸರ್ಜಾಪುರ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಮೇಲೆ ನಾಲ್ಕು ದಿನದ ದಾರಿ. ಗಾಡಿಯೊಳಗೆ ಮೊಳದೆತ್ತರ ಹುಲ್ಲು, ಅದರ ಮೇಲೆ ಈಚಲ ಚಾಪೆ, ಚಾಪೆಯ ಮೇಲೆ ಜಮಖಾನ. ತಲೆಯ ಕಡೆಗೆ ರಾಗಿರೊಟ್ಟಿಯ ಬುತ್ತಿ, ಹುಚ್ಚೆಳ್ಳಿನ ಚಟ್ನಿಪುಡಿ, ಹುರಿಗಾಳು. ಅಚ್ಚಿನ ಕೆಳಗೆ ತೂಗುವ ಲಾಂದ್ರ. ಸಂಜೆ ಯಾವುದಾದರೂ ಮಾವಿನ ತೋಪಿನಲ್ಲಿ ಕೊರಳು ಬಿಚ್ಚಿ, ಮೂಕಿಗೆ ಕವೆಗೋಲು ಕೊಟ್ಟು ನಿಲ್ಲಿಸಿ, ಮೂರು ಕಲ್ಲು ಹೂಡಿದರೆ ಅಲ್ಲಿಗೆ ಅಡಿಗೆಮನೆ, ಮಲಗುವ ಮನೆ, ಕೊಟ್ಟಿಗೆ ಎಲ್ಲವೂ ಸಿದ್ಧ. ಹಳ್ಳಿಕಾರ್ ಎತ್ತುಗಳ ನಡೆ ಬಿರುಸು. ತಂಪುಹೊತ್ತಿನಲ್ಲಿ ಹೊಡೆದರೆ ದಿನಕ್ಕೆ ಏಳೆಂಟು ಹರದಾರಿ ದಾರಿ ಹಿಂದಾಗುತ್ತಿತ್ತು ಎಂದು ತಾತ ಹೇಳುತ್ತಿದ್ದರು.

ಇದನ್ನೆಲ್ಲ ಬರೆಯುವಾಗ ಸೊಗಸಾಗಿಯೇ ಇರುತ್ತದೆ. ಆದರೆ ಇಷ್ಟು ಜಾಗವನ್ನು ಜಾಗವಾಗಿ ಉಳಿಸಿದವರು ಯಾರು ಎಂಬುದನ್ನೂ ಹೇಳಬೇಕು. ಅಂಗಳ, ಜಗಲಿ, ಗಾಡಿಮನೆಗಳ ನೆಲವನ್ನು ಸಗಣಿಯಲ್ಲಿ ಸಾರಿಸುತ್ತಿದ್ದವರು ಅಜ್ಜಿ, ಆಮೇಲೆ ನಮ್ಮ ಅಮ್ಮ. ಗಾಡಿ ಹೊಡೆಯುತ್ತಿದ್ದ ಆಳು ನಾಲ್ಕು ರಾತ್ರಿಯೂ ಮಲಗುತ್ತಿದ್ದುದು ಗಾಡಿಯ ಕೆಳಗೆ. ನಮ್ಮ ಜಗಲಿಯ ಮೇಲೆಯೂ ಅವನು ಕೂತದ್ದನ್ನು ಕಂಡ ನೆನಪಿಲ್ಲ. ಘಾಟಿಗೆ ಹೋಗುತ್ತಿದ್ದವರು ಗಂಡಸರು ಮಾತ್ರ. ಹೆಂಗಸರ ಪಾಲಿಗೆ ದಕ್ಕಿದ್ದು ಫಾಲ್ಗುಣದಲ್ಲಿ ನಡೆಯುವ ಹೊಸೂರಿನ ಚಂದ್ರಚೂಡೇಶ್ವರನ ತೇರು. ಬೆಳಿಗ್ಗೆ ಹೋಗಿ ಬೆಂಡುಬತ್ತಾಸಿನೊಂದಿಗೆ ಸಂಜೆಗೆ ಹಿಂದಿರುಗುವ ದೂರ. ಅಮ್ಮ ಹದಿನೇಳನೆಯ ವಯಸ್ಸಿನಲ್ಲಿ ಸೊಸೆಯಾಗಿ ಆ ಗಾಡಿಯಲ್ಲಿ ಬಂದಿಳಿದವರು. ಪ್ರತಿವರ್ಷವೂ ಘಾಟಿಗೆಂದು ಬುತ್ತಿ ಕಟ್ಟಿದವರು ಅವರೇ.

1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಊರಿನ ಮುಖ ಬೇರೆಯಾಯಿತು. ಲಾರಿ ಕಟ್ಟುವ ಕಾರ್ಖಾನೆ, ಗಡಿಯಾರದ ಕಾರ್ಖಾನೆ ಒಂದೊಂದಾಗಿ ಎದ್ದವು. 1980ರಲ್ಲಿ ನಮ್ಮ ಹೊಸೂರಿನಲ್ಲೇ ಟಿವಿಎಸ್ 50 ತಯಾರಾಗಿ ಹೊರಬಂತು. ಇಬ್ಬರು ಕೂತು ಹೋಗಬಹುದಾದ ಮೊಪೆಡ್ ದೇಶದಲ್ಲಿ ಅದೇ ಮೊದಲು. ಅಪ್ಪ ಒಂದನ್ನು ಕೊಂಡು ತಂದು ಸವಾರಿಗಾಡಿಯ ಪಕ್ಕದಲ್ಲಿ ನಿಲ್ಲಿಸಿದರು. ಎರಡು ವರ್ಷ ಅವು ಒಂದೇ ಸೂರಿನಡಿ ಬಾಳಿದವು. ಎತ್ತು ಮಾರಿದ ಮೇಲೆ ಗಾಡಿಗೂ ಗಿರಾಕಿ ಬಂದರು. ಚಕ್ರಗಳೆರಡನ್ನು ಮಾತ್ರ ತಾತ ಕೊಡಲಿಲ್ಲ. ಅವು ಗೋಡೆಗೆ ಒರಗಿಕೊಂಡು ಇಂದಿಗೂ ಇವೆ.

ಊರಿನಲ್ಲಿ ಅಂಗಳವಿದ್ದವರೆಲ್ಲ ಕಾರ್ಖಾನೆಯ ಹುಡುಗರಿಗಾಗಿ ಸಾಲುಮನೆ ಕಟ್ಟಿ ಬಾಡಿಗೆಗೆ ಬಿಟ್ಟರು. ಅದನ್ನು ದುರಾಸೆ ಎನ್ನುವುದು ತಪ್ಪು. ಮಳೆ ನಂಬಿ ರಾಗಿ ಬಿತ್ತಿದವನಿಗೆ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಕೈಸೇರುವ ಹಣದ ಬೆಲೆ ಗೊತ್ತು. ಎರಡು ವರ್ಷದ ಹಿಂದೆ ನಮ್ಮ ಅಣ್ಣನೂ ಒಂದು ನಕ್ಷೆ ಬರೆಸಿ ತಂದ. ಗಾಡಿಮನೆಯನ್ನು ಕೆಡವಿ ಅಂಗಳವನ್ನೂ ಸೇರಿಸಿಕೊಂಡರೆ ಎಂಟು ಕೋಣೆಗಳಾಗುತ್ತಿದ್ದವು. ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಗೆ ಮಾಡಿದ ಸಾಲ ತೀರಿರಲಿಲ್ಲ. ಆ ನಕ್ಷೆಗೆ ಎದುರಾಡಲು ನಮ್ಮಲ್ಲಿ ಯಾರ ಬಳಿಯೂ ನೆಟ್ಟಗಿನ ಕಾರಣವಿರಲಿಲ್ಲ.

ಕಾರಣವನ್ನು ತಂದವನು ಅಣ್ಣನ ಮಗನೇ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನು ಹಳೆಯದೊಂದು ವ್ಯಾನು ಕೊಂಡು, ಸಾರಿಗೆ ಕಚೇರಿಯ ಅನುಮತಿ ಪಡೆದು, ಅದರೊಳಗೆ ಮಂಚ, ಒಲೆ, ನೀರಿನ ತೊಟ್ಟಿಗಳನ್ನು ಕೂರಿಸಿ ಕ್ಯಾರವಾನ್ ಮಾಡಿಸಿದ್ದ. ಅವನಿದ್ದ ಅಪಾರ್ಟ್‌ಮೆಂಟಿನವರು ಅಷ್ಟೆತ್ತರದ ಗಾಡಿಗೆ ಜಾಗವಿಲ್ಲವೆಂದರು. ರಸ್ತೆಯಲ್ಲಿ ನಿಲ್ಲಿಸಿದರೆ ನೆರೆಯವರ ಜಗಳ. ಕಡೆಗೆ ಅವನಿಗೆ ಊರಿನ ಗಾಡಿಮನೆ ನೆನಪಾಯಿತು.

“ಅಜ್ಜಿ, ಗಾಡಿಮನೇಲಿ ನನ್ ಗಾಡಿ ನಿಲ್ಲಿಸ್ಕೊಳ್ಲಾ?” ಎಂದು ದೂರವಾಣಿಯಲ್ಲಿ ಕೇಳಿದ. ಅಪ್ಪನನ್ನು ಬಿಟ್ಟು ಅಜ್ಜಿಯನ್ನು ಕೇಳಿದ್ದು ಅವನ ಜಾಣತನ.

ಅಮೆರಿಕದಲ್ಲಿರುವ ಅಕ್ಕನ ಮಗಳು ಇದನ್ನು ಕೇಳಿ ಅಲ್ಲಿಯ ಮನೆಗಳ ಚಿತ್ರಗಳನ್ನು ಕಳಿಸಿದಳು. ಊರ ಹೊರಗೆ ವಿಶಾಲವಾದ ಹಳ್ಳಿಮಾದರಿಯ ಮನೆ, ಅದರ ಮಗ್ಗುಲಿಗೆ ಹದಿನಾಲ್ಕು ಅಡಿ ಎತ್ತರದ ಬಾಗಿಲುಳ್ಳ ಕೊಠಡಿ. ರಜೆಯಲ್ಲಿ ತಿರುಗಾಡುವ ಮನೆಗಾಡಿಗೆಂದೇ ಅದನ್ನು ಕಟ್ಟಿಸುತ್ತಾರಂತೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ 1958ರಲ್ಲಿ ಹುಟ್ಟಿದ ವಿನ್ನೆಬೇಗೊ ಕಂಪನಿಯ ಹೆಸರು ಅಲ್ಲಿ ಅಂಥ ಗಾಡಿಗಳಿಗೆ ಮನೆಮಾತಾಗಿದೆ. ನಮ್ಮ ನೆರೆಯ ಕೇರಳವೂ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಅಮ್ಮ ಚಿತ್ರಗಳನ್ನು ದಿಟ್ಟಿಸಿ ನೋಡಿ, “ಅವ್ರಿಗೂ ಗಾಡಿಮನೆ ಅದೆ ಕಣಪ್ಪಾ, ಎತ್ತು ಕಟ್ಟೋ ಗೂಟ ಮಾತ್ರ ಕಾಣಿಸ್ತಿಲ್ಲ” ಎಂದರು.

ಹುಡುಗನ ಗಾಡಿಯ ಎತ್ತರ ಒಂಬತ್ತೂವರೆ ಅಡಿ; ಬಾಗಿಲಿನದು ಎಂಟು. ಅಲ್ಲಿಂದ ವಾದ ತೊಡಗಿತು. ಬಾಡಿಗೆ ಬರುವ ಜಾಗವನ್ನು ವರ್ಷಕ್ಕೆ ನಾಲ್ಕು ಸಲ ಹೊರಡುವ ಗಾಡಿಗೆ ಬಿಡುವುದು ಯಾವ ಲೆಕ್ಕವೆಂದು ಅಣ್ಣ ಕೇಳಿದ. ಹುಡುಗನ ಬಳಿಯೂ ಲೆಕ್ಕವಿತ್ತು: ಗಾಡಿ ಇಲ್ಲಿದ್ದರೆ ಹೊರಡುವ ಮುನ್ನ ಒಂದು ರಾತ್ರಿ, ಬಂದ ಮೇಲೆ ಒಂದು ರಾತ್ರಿ ಅವನೂ ಹೆಂಡತಿ ಮಕ್ಕಳೂ ಇಲ್ಲಿರಲೇಬೇಕು. ಹಬ್ಬಕ್ಕೆ ಬಂದು ಊಟ ಮುಗಿಸಿ, ಅಟ್ಟಿಬೆಲೆಯಲ್ಲಿ ಗಾಡಿಗಳು ಸಾಲುಗಟ್ಟುವ ಮುಂಚೆ ಹೊರಡಬೇಕೆಂದು ಗಡಿಯಾರ ನೋಡುವ ಮಕ್ಕಳನ್ನು ಕಂಡವರಿಗೆ ಆ ಎರಡು ರಾತ್ರಿಗಳು ಸಣ್ಣವಲ್ಲ. ಅತ್ತಿಗೆ ಅದುವರೆಗೆ ಬಾಯಿ ತೆರೆದಿರಲಿಲ್ಲ. “ಮಗ ಬರ್ತಾನೆ ಅಂದ್ರೆ ನಾನೇ ಗಾರೆ ಕಲಸ್ತೀನಿ” ಎಂದುಬಿಟ್ಟರು. ಅಣ್ಣ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ಕಡೆಗೆ ಆದ ಒಪ್ಪಂದವಿದು. ಹಿತ್ತಲಿನ ಹಳೆಯ ಕೊಟ್ಟಿಗೆಯಿದ್ದಲ್ಲಿ ನಾಲ್ಕು ಬಾಡಿಗೆ ಕೋಣೆಗಳು. ಅಂಗಳವೂ ಗಾಡಿಮನೆಯೂ ಇದ್ದ ಹಾಗೆಯೇ. ಬಾಗಿಲಿನ ಎತ್ತರ ಮಾತ್ರ ಹೆಚ್ಚಬೇಕು. ಕಲ್ಲು ಒಡೆದು ಕಬ್ಬಿಣದ ತೊಲೆ ಹಾಕುವುದು ಸುಲಭವಿತ್ತು. ವಯಸ್ಸಾದ ಮೇಸ್ತ್ರಿಯೊಬ್ಬರು ಬಂದು ನೋಡಿ, ಬಾಗಿಲು ಸೂರಿನ ಇಳಿಜಾರಿನ ಕಡೆಗಿರದೆ ತ್ರಿಕೋನದ ಗೋಡೆಯಲ್ಲಿರುವುದರಿಂದ ಮೇಲೆ ಬೇಕಾದಷ್ಟು ಜಾಗವಿದೆಯೆಂದು ತೋರಿಸಿಕೊಟ್ಟರು. ಒಳಗೆ ಸೂರಿಗೆ ಆನಿಕೆ ಕೊಟ್ಟು, ಚಪ್ಪಡಿಯ ಮೇಲಿನ ಗೋಡೆಯನ್ನು ಬಿಚ್ಚಿದರು. ಲಾರಿಗೆ ಬಳಸುವ ಎರಡು ಜಾಕಿಗಳಿಂದ ಚಪ್ಪಡಿಯನ್ನು ಅಂಗುಲ ಅಂಗುಲವಾಗಿ ಎತ್ತುತ್ತ, ಎರಡು ಬದಿಗೂ ಕಲ್ಲು ಪೇರಿಸುತ್ತ ಹೋದರು. ಮೂರು ದಿನ ಹಿಡಿಯಿತು. ಒಂದು ಸಲ ಜಾಕಿ ಜಾರಿ ಚಪ್ಪಡಿ ಒಂದು ಕಡೆಗೆ ವಾಲಿದಾಗ ಎಲ್ಲರಿಗಿಂತ ಮೊದಲು ಓಡಿಹೋಗಿ ಹೆಗಲು ಕೊಟ್ಟವನು ಎಂಟು ಕೋಣೆಯ ನಕ್ಷೆ ಬರೆಸಿದ್ದ ಅಣ್ಣ. ಈಗ ಬಾಗಿಲು ಹತ್ತೂವರೆ ಅಡಿ. ಚಪ್ಪಡಿ ಅದೇ.

ಗಾಡಿ ಮೊದಲ ಸಲ ಒಳಗೆ ಬಂದ ಸಂಜೆ ಅಮ್ಮ ಕೋಲೂರಿಕೊಂಡು ಹೋಗಿ ಅದರ ಮೆಟ್ಟಿಲು ಹತ್ತಿದರು. ಮಂಚವನ್ನು ಒತ್ತಿ ನೋಡಿದರು, ಒಲೆ ಹೊತ್ತಿಸಿ ಆರಿಸಿದರು. ಆಮೇಲೆ ಅವರು ಕೇಳಿದ್ದು ಒಂದೇ ಮಾತು: “ಇದು ಘಾಟಿಗೆ ಹೋಗ್ತದಾ?” ಮನೆಯಲ್ಲಿದ್ದ ನಮಗಾರಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಅರವತ್ತು ವರ್ಷಕ್ಕೂ ಮೇಲೆ ಈ ಮನೆಯಲ್ಲಿ ಬಾಳಿದವರು, ತಾನು ಘಾಟಿಯನ್ನು ಕಂಡಿಲ್ಲವೆಂದು ಒಮ್ಮೆಯಾದರೂ ಅಂದವರಲ್ಲ.

ಪುಷ್ಯದಲ್ಲಿ ಹೊರಟೆವು. ಅಮ್ಮ, ಅತ್ತಿಗೆ, ನಾವು, ಹುಡುಗನ ಸಂಸಾರ, ಜೊತೆಗೆ ಊರಿನಲ್ಲಿಯೇ ಓದುತ್ತಿರುವ ತಮ್ಮನ ಮಗ. ಬುತ್ತಿ ಬೇಡ, ದಾರಿಯಲ್ಲಿ ಹೋಟೆಲುಗಳಿವೆ ಎಂದರೂ ಅಮ್ಮ ರೊಟ್ಟಿ ಕಟ್ಟಿಸಿದರು. ದಾರಿ ತಾತನದೇ: ಸರ್ಜಾಪುರ, ಹೊಸಕೋಟೆ, ದೇವನಹಳ್ಳಿ. ಅಟ್ಟಿಬೆಲೆ ದಾಟಿದೊಡನೆ ಅಂಗಡಿ ಬೋರ್ಡುಗಳ ಲಿಪಿ ಬದಲಾಗುತ್ತದೆ. ತಮ್ಮನ ಮಗ ಶಾಲೆಯಲ್ಲಿ ಓದುವುದು ತಮಿಳು, ಇಂಗ್ಲಿಷು. 2006ರ ಕಾಯಿದೆಯ ಮೇಲೆ ನಮ್ಮ ಕಡೆಯ ಶಾಲೆಗಳಲ್ಲಿ ತಮಿಳು ಕಡ್ಡಾಯ. ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ ಕಲಿತ ಒತ್ತಕ್ಷರಗಳಿಗೆ ಆ ದಾರಿ ಪರೀಕ್ಷೆಯಾಯಿತು. “ಎ-ಳ-ನೀ-ರು” ಎಂದು ಓದಿದ, ಎಲ್ಲರಿಗೂ ಕೊಡಿಸಬೇಕಾಯಿತು. “ವಿಶ್ವೇಶ್ವರಯ್ಯ” ಎಂಬಲ್ಲಿ ತಡವರಿಸಿದಾಗ ಅಜ್ಜಿ ಕೈಯಾಡಿಸಿ ತಾಳ ಹಾಕುತ್ತ ಹೇಳಿಕೊಟ್ಟರು. ಅಜ್ಜಿಗೆ ಓದು ಬರದೆಂಬುದು ಅವನಿಗೆ ತಿಳಿಯದು.

ನಾಲ್ಕು ದಿನದ ದಾರಿ ನಾಲ್ಕು ಗಂಟೆಯೊಳಗೆ ಮುಗಿಯಿತು. ವಾಹನಗಳ ಸಾಲಿನಲ್ಲಿ ನಿಲ್ಲುವುದು ಬೇಡವೆಂದು ಅಮ್ಮ ಹಟ ಹಿಡಿದದ್ದರಿಂದ ರಾಸುಗಳನ್ನು ಕಟ್ಟಿದ್ದ ಬಯಲಿನ ಅಂಚಿನಲ್ಲಿ, ರೈತರೊಬ್ಬರನ್ನು ಕೇಳಿಕೊಂಡು, ಅವರ ಪೆಂಡಾಲಿನ ಪಕ್ಕದಲ್ಲಿ ಗಾಡಿ ನಿಲ್ಲಿಸಿದೆವು. ಎತ್ತಿನ ಕೋಡಿಗೆ ಕಟ್ಟಿದ ಬಣ್ಣದ ಟೇಪು, ಬೆನ್ನಮೇಲಿನ ಕಸೂತಿಯ ಹೊದಿಕೆ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ದಲ್ಲಾಳಿಗಳು, ಎಲ್ಲವನ್ನೂ ಅಮ್ಮ ಕುರ್ಚಿಯ ಮೇಲೆ ಕುಳಿತು ಕತ್ತಲಾಗುವವರೆಗೆ ನೋಡಿದರು. ಒಂದು ಜೋಡಿಯ ಹಲ್ಲು ತೋರಿಸಲು ಹೇಳಿ, ವಯಸ್ಸು ಸರಿಯಾಗಿ ಹೇಳಿದರು. ಇದನ್ನು ಎಲ್ಲಿ ಕಲಿತಿರೆಂದು ಕೇಳಿದ್ದಕ್ಕೆ, “ನಿಮ್ಮಪ್ಪ ತಂದಿದ್ದನ್ನೆಲ್ಲ ಮೇಯಿಸಿದೋಳು ನಾನಲ್ವಾ” ಎಂದರು.

ರಾತ್ರಿ ಅಮ್ಮನಿಗೆ ಗಾಡಿಯ ಮಂಚ. ಹುಡುಗ ಕೆಳಗೆ ಹೊರಗಡೆ ಚಾಪೆ ಹಾಸಿಕೊಂಡ. ಒಳಗೆ ತಂಪು ಯಂತ್ರವಿದ್ದದ್ದನ್ನು ಅಮ್ಮ ಆರಿಸೆಂದರು. ಅದರ ಸದ್ದಿಗೆ ಕೊರಳಗಂಟೆ ಕೇಳುತ್ತಿಲ್ಲವಂತೆ. ಕಿಟಕಿ ತೆಗೆದೆವು.

ಮನೆಗೆ ಹಿಂದಿರುಗಿದ ಮರುದಿನ ಅವರು ಪಂಚಾಂಗ ತರಿಸಿ, ಮಾದೇಶ್ವರನ ಬೆಟ್ಟದ ಶಿವರಾತ್ರಿ ಎಂದು ಬರುತ್ತದೆಂದು ನೋಡಿಸಿದರು. ಅಣ್ಣ ಚಕ್ರಗಳಿಗೆ ಗಾಳಿ ಹಾಕಿಸಿಕೊಂಡು ಬರಲು ಹೋದ.