ಗೃಹಾರಂಭ

ಶೆಟ್ಟಿಕೊಪ್ಪದ ಆ ಜೈನ ಕುಟುಂಬದ ಹೊಸ ಮನೆಯ ನಕ್ಷೆ ಏಳು ಬಾರಿ ಬದಲಾಯಿತು. ಮೊದಲನೆಯದು ಬೆಂಗಳೂರಿನಲ್ಲಿ ಕಂಪ್ಯೂಟರಿನ ಮೇಲೆ ಸಿದ್ಧವಾದದ್ದು. ಏಳನೆಯದು ಮೇಸ್ತ್ರಿಯ ಪೆನ್ಸಿಲ್ ಗುರುತುಗಳಿಂದಲೂ ಅಡುಗೆಮನೆಯ ಅರಿಶಿನದ ಕಲೆಯಿಂದಲೂ ತುಂಬಿದ ಹಾಳೆ. ಈ ಎರಡರ ನಡುವೆ ಕಳೆದದ್ದು ಒಂದು ಮಳೆಗಾಲ.

ನಿವೇಶನ ಇಳಿಜಾರಿನದು. ತಗ್ಗಿನಲ್ಲಿ ಗದ್ದೆ ತೋಟ, ಮೇಲೆ ಕಾಡು, ನಡುವಿನ ಏರಿನಲ್ಲಿ ಮನೆ ಎಂಬ ಮಲೆನಾಡಿನ ಹಳೆಯ ಕ್ರಮವನ್ನೇ ಅನುಸರಿಸಿ ಆರಿಸಿದ ಜಾಗ. ಪಶ್ಚಿಮಕ್ಕೆ ಗುಡ್ಡ, ಪೂರ್ವಕ್ಕೆ ಐದು ಅಡಿಗೆ ಒಂದು ಅಡಿಯಂತೆ ಇಳಿಯುವ ನೆಲ, ಈಶಾನ್ಯದಲ್ಲಿ ಬಾವಿ, ದಕ್ಷಿಣದಿಂದ ಬಂದು ಸೇರುವ ಮಣ್ಣಿನ ದಾರಿ. ಪೂರ್ವಕ್ಕೋ ಉತ್ತರಕ್ಕೋ ಇಳಿಯುವ ನೆಲವನ್ನು ವಾಸ್ತುಗ್ರಂಥಗಳು ಪ್ರಶಸ್ತವೆನ್ನುತ್ತವೆ. ಆದ್ದರಿಂದ ಜಾಗದ ಬಗ್ಗೆ ಯಾರದೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಆ ಇಳಿಜಾರನ್ನು ಏನು ಮಾಡುವುದು ಎಂಬಲ್ಲಿ.

ಮನೆಯ ಹಿರಿಯ ಮಗನಿಗೆ ಉತ್ತರ ಸ್ಪಷ್ಟವಿತ್ತು: ಸಮ ಮಾಡುವುದು. ಎಪ್ಪತ್ತೈದು ದಾಟಿದ ತಾಯಿ ಹಿಂದಿನ ವರ್ಷ ಹಳೆಯ ಮನೆಯಲ್ಲಿ ನಡುಮನೆಯಿಂದ ಜಗುಲಿಗೆ ಇಳಿಯುವ ಎರಡು ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆಯ ನಂತರ ಕೋಲು ಹಿಡಿದು ನಡೆಯುವಷ್ಟಾಗಿತ್ತು. ಹೊಸ ಮನೆಯಲ್ಲಿ ಒಂದು ಮೆಟ್ಟಿಲೂ ಇರಕೂಡದು ಎಂಬುದು ಮಗನ ಹಟ. ಅವರ ಮಗಳು, ಬೆಂಗಳೂರಿನಲ್ಲಿ ಎಂಜಿನಿಯರ್, ಅಪ್ಪನ ಮಾತಿನಂತೆ ಐವತ್ತು ಅಡಿ ಉದ್ದ, ನಲವತ್ತು ಅಡಿ ಆಳದ ಮನೆಯನ್ನು ಒಂದೇ ಮಟ್ಟದಲ್ಲಿ ಬಿಡಿಸಿ ಕಳುಹಿಸಿದಳು. ನಡುವೆ ಒಂದು ತೊಟ್ಟಿ ಇತ್ತು. ಕುಪ್ಪಳಿಯ ಕವಿಮನೆಯನ್ನು ನೋಡಿ ಬಂದವರ ನಕ್ಷೆಯಲ್ಲಿ ತೊಟ್ಟಿ ಇಲ್ಲದಿರುವುದು ಅಪರೂಪ.

ಮೇಸ್ತ್ರಿ ಲೆಕ್ಕ ಹಾಕಿದರು. ನಲವತ್ತು ಅಡಿ ಆಳಕ್ಕೆ ನೆಲ ಎಂಟು ಅಡಿ ಇಳಿಯುತ್ತದೆ. ಪೂರ್ತಿ ಕಡಿದರೆ ತೆಗೆಯಬೇಕಾದ ಮಣ್ಣು 8,000 ಘನ ಅಡಿ. ಹಿಂದೆ ಉಳಿಯುವುದು ಮನೆಯ ಉದ್ದಕ್ಕೂ ಎಂಟು ಅಡಿಯ ಕಡಿದ ಧರೆ. ಯಂತ್ರಕ್ಕೆ ಅದೇನು ದೊಡ್ಡ ಕೆಲಸವಲ್ಲ. ನಕ್ಷೆಯ ಈ ಹಾಳೆಯನ್ನು ಊಟದ ಹಲಗೆಯ ಮೇಲೆ ಹರಡಿ ವಿವರಿಸಿದಾಗ ತಾಯಿ ಕೇಳಿದ್ದು ಒಂದೇ ಪ್ರಶ್ನೆ:

“ಇಷ್ಟು ಮಣ್ಣು ಅಗೆಯೋದು ಯಾರಿಗೋಸ್ಕರ?”

“ನಿಮಗೋಸ್ಕರಾನೇ ಅಮ್ಮ,” ಎಂದರು ಮಗ.

“ಹಾಗಾದ್ರೆ ಬೇಡ. ನನ್ನ ಹೆಸರಲ್ಲಿ ಬೇಡ.”

ಇದನ್ನು ವೃದ್ಧರ ಮೊಂಡುತನವೆಂದು ಬದಿಗೆ ಸರಿಸಬಹುದಿತ್ತು. ಕೆಲವು ದಿನ ಮನೆಯವರು ಹಾಗೆಯೇ ಮಾಡಿದರು. ಆದರೆ ಆ ಮಾತಿನ ಹಿಂದೆ ಶ್ರಾವಕಾಚಾರದ ದೀರ್ಘ ಪರಂಪರೆಯೇ ಇದೆ. ಕನ್ನಡದ ರೈತನಿಗೆ ‘ಆರಂಭ’ವೆಂದರೆ ಬೇಸಾಯ, ಪುರೋಹಿತನಿಗೆ ಗೃಹಾರಂಭವೆಂದರೆ ಮುಹೂರ್ತ ನೋಡಿ ಗುದ್ದಲಿ ಹಾಕುವುದು, ಜೈನ ಪರಿಭಾಷೆಯಲ್ಲಿ ಆರಂಭವೆಂದರೆ ಜೀವಹಾನಿಯಿಲ್ಲದೆ ನಡೆಯಲಾರದ ಕಾರ್ಯ. ಒಂದೇ ಪದ ಈ ಮೂರು ಅರ್ಥಗಳನ್ನೂ ಹೊತ್ತಿರುವುದು ಆಕಸ್ಮಿಕವಿರಬಹುದು, ಆದರೆ ಮನೆ ಕಟ್ಟುವ ಜೈನ ಗೃಹಸ್ಥನ ಮಟ್ಟಿಗೆ ಮೂರೂ ಒಂದೇ ಗುದ್ದಲಿಯ ಏಟಿನಲ್ಲಿ ಕೂಡುತ್ತವೆ. ಸಂಕಲ್ಪಪೂರ್ವಕ ಹಿಂಸೆಯನ್ನು ಗೃಹಸ್ಥ ಸಂಪೂರ್ಣ ಬಿಡಬೇಕು. ಅಡುಗೆ, ಬೇಸಾಯ, ಮನೆ ಕಟ್ಟುವಿಕೆಗಳಲ್ಲಿ ಆಗುವ ಹಿಂಸೆ ಅವನಿಗೆ ಅನಿವಾರ್ಯ. ಅನಿವಾರ್ಯ ಎಂಬುದಕ್ಕೂ ಒಂದು ಎಲ್ಲೆ ಬೇಕಲ್ಲ? ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಹೇಳುವಾಗ ಆ ಎಲ್ಲೆಯನ್ನು ಗುರುತಿಸುತ್ತದೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು. ಅಗೆತ ನಿಷಿದ್ಧವಲ್ಲ, ವ್ಯರ್ಥ ಅಗೆತ ನಿಷಿದ್ಧ. ಈ ಗ್ರಂಥದ ಹೆಸರು ತಾಯಿಗೆ ಗೊತ್ತಿತ್ತೋ ಇಲ್ಲವೋ, ಸಿಂಹನಗದ್ದೆಯ ಬಸದಿಯಲ್ಲಿ ಜ್ವಾಲಾಮಾಲಿನಿಯ ಎದುರು ಕುಳಿತು ದಶಕಗಳ ಕಾಲ ಕೇಳಿದ ಪ್ರವಚನಗಳಲ್ಲಿ ಅದರ ಸಾರ ಅವರಿಗೆ ದಕ್ಕಿತ್ತು.

ಇನ್ನೊಂದು ಕಾರಣವೂ ಇತ್ತು. ಅದನ್ನು ಅವರು ಹೆಚ್ಚಾಗಿ ಆಡುತ್ತಿರಲಿಲ್ಲ. ಅವರ ತವರುಮನೆ ಭದ್ರೆಯ ಹತ್ತಿರದ ಸಮತಟ್ಟು ನೆಲದಲ್ಲಿತ್ತು. ಲಕ್ಕವಳ್ಳಿಯ ಅಣೆಕಟ್ಟಿನಿಂದಾಗಿ ನರಸಿಂಹರಾಜಪುರ ಸೀಮೆಯ ಹಲವು ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದಾಗ ಅದೂ ಮುಳುಗಿತು. ಮಾಡಿನ ಮಂಗಳೂರು ಹೆಂಚುಗಳನ್ನಷ್ಟೇ ಇಳಿಸಿ ಗಾಡಿಯಲ್ಲಿ ತಂದಿದ್ದರು. ಸಮತಟ್ಟು ಎಂಬುದು ಆಕೆಗೆ ಮಗನಿಗೆ ಕಂಡಷ್ಟು ಸುರಕ್ಷಿತವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಎರಡನೆಯ ನಕ್ಷೆ ರಾಜಿಯದು: ಅರ್ಧ ಕಡಿದು, ಆ ಮಣ್ಣನ್ನೇ ಮುಂದಿನ ಅರ್ಧಕ್ಕೆ ತುಂಬುವುದು. ಕಡಿತ 2,000 ಘನ ಅಡಿಗೆ ಇಳಿಯಿತು, ಹಿಂದಿನ ಧರೆ ನಾಲ್ಕು ಅಡಿಗೆ ಬಂತು. ಈ ಬಾರಿ ಬೇಡವೆಂದವರು ಮೇಸ್ತ್ರಿ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಮನೆ ತುಂಬಿದ ಮಣ್ಣಿನ ಮೇಲೆ ನಿಂತರೆ ಎರಡೂ ಒಂದೇ ರೀತಿ ಕೂರುವುದಿಲ್ಲ; ಬಿರುಕು ಆ ಎರಡರ ಗಡಿಯಲ್ಲೇ ಬರುತ್ತದೆ. ಮೂರನೆಯದರಲ್ಲಿ ತಡೆಗೋಡೆ ಬಂತು, ನಾಲ್ಕನೆಯದರಲ್ಲಿ ಗೋಡೆ ಇನ್ನಷ್ಟು ದಪ್ಪವಾಯಿತು. ಇವುಗಳ ಬಗ್ಗೆ ಹೆಚ್ಚು ಹೇಳುವಂಥದೇನಿಲ್ಲ. ಆ ಆಷಾಢದಲ್ಲಿ ಸುರಿದ ಮಳೆಗೆ ಹಳೆಯ ಮನೆಯ ಹಿಂಗೋಣೆಯಲ್ಲಿ ಜಲ ಎದ್ದು, ನೆಲದ ಬಿರುಕಿನಿಂದ ತಣ್ಣನೆಯ ನೀರು ಎರಡು ವಾರ ಒಸರಿದ್ದು ಗೋಡೆಯ ಮೇಲಿನ ನಂಬಿಕೆಯನ್ನು ತಾನಾಗಿಯೇ ಸಡಿಲಿಸಿತು. 2018ರ ಕೊಡಗು, 2019ರ ಮೂಡಿಗೆರೆ ಯಾರಿಗೂ ಮರೆತಿರಲಿಲ್ಲ. ಗುಡ್ಡದ ನೀರು ಬರುವುದು ಮಣ್ಣಿನ ಮೇಲೆ ಮಾತ್ರವಲ್ಲ, ಒಳಗೂ ಬರುತ್ತದೆ. ಕಡಿದ ಧರೆ ಅದಕ್ಕೆ ತೆರೆದ ಬಾಗಿಲು. ಸುಮಾರು 1025ರಲ್ಲಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಮನೆ ಕಟ್ಟುವ ವಿಚಾರವೂ ನೆಲದೊಳಗಿನ ನೀರನ್ನು ಗುರುತಿಸುವ ವಿಚಾರವೂ ಸೇರಿವೆ. ನೆಲದೊಳಗಿನ ನೀರನ್ನು ನಾವೀಗ ಕೊಳವೆಬಾವಿಯವರ ಪಾಲಿಗೆ ಬಿಟ್ಟು, ಮನೆಯನ್ನು ಮಾತ್ರ ವಾಸ್ತುವಿನವರ ಕೈಗೆ ಒಪ್ಪಿಸಿದ್ದೇವೆ.

ಐದನೆಯ ನಕ್ಷೆಯಲ್ಲಿ ಮೊಮ್ಮಗಳು ಮನೆಯನ್ನು ತಿರುಗಿಸಿದಳು. ಆಳ ನಲವತ್ತರಿಂದ ಮೂವತ್ತಕ್ಕೆ ಇಳಿದು ಉದ್ದ ಅರವತ್ತಕ್ಕೆ ಏರಿತು; ಇಳಿಜಾರಿಗೆ ಎದುರಾಗಿ ನಿಂತಿದ್ದ ಮನೆ ಅದರ ಉದ್ದಕ್ಕೆ ಮಲಗಿತು. ಮೂವತ್ತು ಅಡಿಯನ್ನೂ ಹದಿನೈದು ಹದಿನೈದರ ಎರಡು ಮಟ್ಟಗಳಾಗಿ ಒಡೆದು, ನಡುವೆ ಮೂರು ಅಡಿಯ ಅಂತರಕ್ಕೆ ಆರು ಮೆಟ್ಟಿಲು ಇಟ್ಟಳು. ಈಗ ಯಾವ ಮಟ್ಟದಲ್ಲೂ ಕಡಿತ ಒಂದೂವರೆ ಅಡಿ ಮೀರುವುದಿಲ್ಲ. ಒಟ್ಟು ಮಣ್ಣು 675 ಘನ ಅಡಿ. ತುಂಬಿದ ಭಾಗದಲ್ಲೂ ಅಡಿಪಾಯವನ್ನು ಗಟ್ಟಿ ನೆಲ ಮುಟ್ಟಿಸಲು ತೊಡಕಿಲ್ಲ. ಇನ್ನೂರು ಚದರ ಅಡಿ ಕಡಿಮೆಯಾಯಿತು, ತೊಟ್ಟಿ ಹೋಯಿತು. ಅದನ್ನು ಬಿಟ್ಟುಕೊಟ್ಟದ್ದಕ್ಕೆ ಅವಳಿಗೆ ಬೇಸರವಿತ್ತೆಂಬುದು ಹಾಳೆಯ ಮೂಲೆಯಲ್ಲಿ ಉಳಿಸಿಕೊಂಡಿದ್ದ ಪುಟ್ಟ ಚೌಕದಿಂದ ತಿಳಿಯುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು, ಆಕೆ ಲೆಕ್ಕ ಮಾಡಿ ತಲುಪಿದ ಈ ರೂಪ ಮಲೆನಾಡಿನ ಹಳೆಯ ಮನೆಗಳಲ್ಲಿ ಲೆಕ್ಕವಿಲ್ಲದೆಯೇ ಇತ್ತು. ಅಂಗಳದಿಂದ ಜಗುಲಿಗೆ, ಜಗುಲಿಯಿಂದ ನಡುಮನೆಗೆ, ಅಲ್ಲಿಂದ ಅಡುಗೆಮನೆಗೆ ಒಂದೊಂದು ಹೆಜ್ಜೆ ಏರುವ ಆ ಮನೆಗಳು ಗುದ್ದಲಿ, ಹಾರೆಗಳಿಗೆ ಎಟುಕುವಷ್ಟೇ ನೆಲ ಕಡಿದಿದ್ದವು. ಮೈನೋವು ಅಳತೆಗೋಲಾಗಿತ್ತು. ಯಂತ್ರಕ್ಕೆ ಮೈನೋವಿಲ್ಲ.

ಆದರೆ ಮಗ ಆ ನಕ್ಷೆಯನ್ನು ಮಡಿಚಿಟ್ಟರು. ಆರು ಮೆಟ್ಟಿಲು! ಅಮ್ಮ ಬಿದ್ದದ್ದು ಎರಡರ ಮೇಲೆ. ಮಣ್ಣಿನ ಜೀವಕ್ಕೆ ಮರುಗುವವರು ಅಮ್ಮನ ಮೂಳೆಗೆ ಮರುಗಬೇಡವೆ ಎಂಬ ಅವರ ಮಾತಿಗೆ ಮನೆಯಲ್ಲಿ ಯಾರೂ ಉತ್ತರಿಸಲಿಲ್ಲ. ಅದಕ್ಕೆ ಶ್ರಾವಕಾಚಾರದಲ್ಲೂ ಸಿದ್ಧ ಉತ್ತರವಿಲ್ಲ. ಪ್ರಯೋಜನ ಯಾವುದು, ವ್ಯರ್ಥ ಯಾವುದು ಎಂಬುದನ್ನು ಗ್ರಂಥ ಗೃಹಸ್ಥನ ವಿವೇಕಕ್ಕೇ ಬಿಡುತ್ತದೆ.

ಉತ್ತರ ದೊರೆತದ್ದು ತಾಯಿಯ ದಿನಚರಿಯಲ್ಲಿ. ಮೊಮ್ಮಗಳು ರಜೆಗೆ ಬಂದವಳು ಎರಡು ದಿನ ಅಜ್ಜಿಯ ಹಿಂದೆಯೇ ಓಡಾಡಿ, ಆಕೆ ಎಲ್ಲೆಲ್ಲಿ ಎಷ್ಟು ಬಾರಿ ಹೋಗುತ್ತಾರೆಂದು ಬರೆದುಕೊಂಡಳು. ಮಲಗುವ ಕೋಣೆ, ಬಚ್ಚಲು, ದೇವರ ಕೋಣೆ, ಅಡುಗೆಮನೆ, ಜಗುಲಿಯ ತುದಿ. ಇಷ್ಟನ್ನೂ ಮೇಲಿನ ಮಟ್ಟದಲ್ಲೇ ಒಂದು ಸಾಲಿನಲ್ಲಿಟ್ಟರೆ ಆರು ಮೆಟ್ಟಿಲು ಉಳಿದವರಿಗೆ ಮಾತ್ರ. ದಾರಿ ದಕ್ಷಿಣದಿಂದ ಬರುವುದರಿಂದ ಅಲ್ಲಿ ಮೇಲಿನ ಮಟ್ಟಕ್ಕೇ ಒಂದು ಜಗುಲಿ ಕೊಡಬಹುದು. ಬಂದವರನ್ನು ಮೊದಲು ಕಾಣುವವರೂ ಅಜ್ಜಿಯೇ. ಇದು ಆರನೆಯ ನಕ್ಷೆ.

ಅದರಲ್ಲಿ ಉಳಿದದ್ದು ಬಾವಿ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ನೀರಿನಿಂದ ತೊಳೆದು ಬಂದ ಬಾವಿಗೇ ಮರಳಿ ಇಳಿಸುವ ಕ್ರಮವನ್ನು ತಾಯಿ ಬಿಟ್ಟವರಲ್ಲ. ನೀರು ಪಂಪಿನಲ್ಲಿ ಮೇಲೆ ಬರುತ್ತದೆ. ಇದು ಕೈಯಲ್ಲೇ ಕೆಳಗೆ ಹೋಗಬೇಕು. ಮೊದಲ ನಕ್ಷೆಯಿಂದಲೂ ಅಡುಗೆಮನೆ ಆಗ್ನೇಯದಲ್ಲಿತ್ತು, ಬಾವಿ ಈಶಾನ್ಯದಲ್ಲಿ. ಈಗ ಅದನ್ನು ವಾಯವ್ಯಕ್ಕೆ ತಂದರು. ಅಗ್ನಿಮೂಲೆ ತಪ್ಪಿದರೆ ವಾಯವ್ಯವಾಗಬಹುದೆಂದು ವಾಸ್ತುವಿನವರೂ ಒಪ್ಪುತ್ತಾರೆ. ಮೇಲಿನ ನೆಲಕ್ಕಿಂತ ಬಾವಿಕಟ್ಟೆ ಮೂರೂವರೆ ಅಡಿ ತಗ್ಗಿನಲ್ಲಿದೆ. ಹನ್ನೆರಡು ಅಡಿಗೆ ಒಂದು ಅಡಿ ಇಳಿಯುವಂತೆ, ನಡುವೆ ಒಂದು ತಿರುವಿರುವ ನಲವತ್ತೆರಡು ಅಡಿಯ ಕಾಲುದಾರಿ, ಬದಿಗೆ ಹಿಡಿಕೆ. ಇಡೀ ನಕ್ಷೆಯಲ್ಲಿ ಇದಕ್ಕಿಂತ ಸೊಗಸಾದ ಗೆರೆ ಇಲ್ಲ.

ವಾಯವ್ಯದ ತೊಂದರೆ ಬೆಳಕಿನದು. ಗುಡ್ಡದ ಮರೆಗೆ ಚಳಿಗಾಲದಲ್ಲಿ ಐದು ಗಂಟೆಗೇ ಬಿಸಿಲು ಹೋಗುತ್ತದೆ. ಮನೆಯವರ ಊಟ ಸೂರ್ಯಾಸ್ತಕ್ಕೆ ಮುಂಚೆ ಮುಗಿಯಬೇಕು. ದೀಪ ಹಚ್ಚಿ ಮಾಡುವ ಅಡುಗೆ ತಾಯಿಗೆ ಒಪ್ಪಿಗೆಯಿಲ್ಲ. ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು, ಉತ್ತರಕ್ಕೆ ಅಗಲದ ಕಿಟಕಿ ಸೇರಿಸಿದಾಗ ಏಳನೆಯ ನಕ್ಷೆಯಾಯಿತು. ಹಿಂದಿನ ಮಾಡಿನ ನೀರು ಧರೆಗೂ ಗೋಡೆಗೂ ನಡುವೆ ಬೀಳದಂತೆ ತಗಡಿನ ದೋಣಿ, ಗುಡ್ಡದ ನೀರನ್ನು ಮನೆಗಿಂತ ಹತ್ತು ಅಡಿ ಮೇಲೆಯೇ ತಡೆದು ಬದಿಗೆ ತಿರುಗಿಸುವ ಬಸಿಗಾಲುವೆ ಮೇಸ್ತ್ರಿಯ ಸೇರ್ಪಡೆಗಳು.

ಮಾಘದಲ್ಲಿ ಗೂಟ ಹೊಡೆದು ದಾರ ಕಟ್ಟಿದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡುತ್ತಿದ್ದ ಮೇಸ್ತ್ರಿಯ ಬಳಿಗೆ ತಾಯಿ ಕೋಲೂರಿ ಬಂದರು. ಬಸಿಗಾಲುವೆಯ ಗೂಟ ಹಲಸಿನ ಮರದ ಬೇರಿಗೆ ತಾಗಿತ್ತು.

“ಇದನ್ನ ಒಂದು ಮಾರು ಆಚೆ ಇಡೋಕಾಗುತ್ತೇನಪ್ಪಾ?”

“ಆಗುತ್ತೆ ಅಮ್ಮ. ಕಾಲುವೆ ಸ್ವಲ್ಪ ಸೊಟ್ಟ ಆಗುತ್ತೆ, ಅಷ್ಟೇ.”

ಮಗ ತಾವೇ ಹೋಗಿ ಗೂಟ ಕಿತ್ತು, ಮರದಾಚೆ ಊರಿದರು.