ಷೋಬ್ಯಾಂಡಿನ ಹುಡುಗ

1995ರ ಜೂನ್ 14ರಂದು, ಯಕೃತ್ತಿನ ಕಸಿಯಾದ ಬಳಿಕ ತಗುಲಿದ ಸೋಂಕಿನಿಂದ, ನಲವತ್ತೇಳರ ವಯಸ್ಸಿನಲ್ಲೇ ಲಂಡನ್ನಿನಲ್ಲಿ ತೀರಿಕೊಂಡ ರೋರಿ ಗ್ಯಾಲಹರ್ ಎಂಬ ಐರಿಷ್ ಗಿಟಾರ್ ವಾದಕನನ್ನು ಸ್ಮರಿಸುವವರು, ಆತನ ಪ್ರತಿಭೆ ದೈವದತ್ತವೆಂದು ಹೇಳಿ ಸುಮ್ಮನಾಗುವುದುಂಟು. ಆ ಮಾತಿನಲ್ಲಿ ನನಗೂ ಸಂಶಯವಿಲ್ಲ. ಆದರೆ ಆ ಪ್ರತಿಭೆಗೆ ಸಾಣೆ ಹಿಡಿದ ವೃತ್ತಿಯೊಂದಿದ್ದಿತು, ಅದು ನಶಿಸಿದುದನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ.

ವೈದ್ಯವಿದ್ಯೆಯ ನಿಮಿತ್ತ ಕಾರ್ಕ್ ಪಟ್ಟಣದಲ್ಲಿ ನಾನು ನೆಲೆಸಿದ್ದ ಅರುವತ್ತರ ದಶಕದಲ್ಲಿ ಐರ್ಲೆಂಡಿನ ಸಂಜೆಗಳನ್ನು ಆಳುತ್ತಿದ್ದವರು ಷೋಬ್ಯಾಂಡಿನವರು. ಒಂದೇ ಬಗೆಯ ಸೂಟು ತೊಟ್ಟು, ಟ್ರಂಪೆಟ್ಟು ಸ್ಯಾಕ್ಸೊಫೋನುಗಳ ಸಮೇತ ವ್ಯಾನಿನಲ್ಲಿ ಊರೂರು ತಿರುಗುತ್ತ, ರೇಡಿಯೋದಲ್ಲಿ ಜನಪ್ರಿಯವಾದ ಹಾಡುಗಳನ್ನು ಎಳ್ಳಷ್ಟೂ ವ್ಯತ್ಯಾಸವಿಲ್ಲದಂತೆ ನುಡಿಸಿ, ಗಂಟೆಗಟ್ಟಲೆ ಜನರನ್ನು ಕುಣಿಸುವುದೇ ಅವರ ಕಾಯಕ. ಈಸ್ಟರಿಗೆ ಮುಂಚಿನ ವ್ರತದ ವಾರಗಳಲ್ಲಿ ನೃತ್ಯಶಾಲೆಗಳಿಗೆ ಬೀಗ ಬೀಳುತ್ತಲೇ, ಅನೇಕ ತಂಡಗಳು ಕಡಲು ದಾಟಿ ಇಂಗ್ಲೆಂಡಿನ ಐರಿಷ್ ವಲಸಿಗರ ಮುಂದೆ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವು.

ಹದಿನೈದರ ಹುಡುಗ ರೋರಿ, ‘ಫೊಂಟಾನಾ’ ಎಂಬ ಇಂತಹದೇ ತಂಡವನ್ನು ಸೇರಿದನು. 1963ರಲ್ಲಿ ಕಾರ್ಕಿನ ಕ್ರೌಲಿ ಅಂಗಡಿಯಲ್ಲಿ ಸುಮಾರು ನೂರು ಪೌಂಡಿನ ಹಳೆಯ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರನ್ನು ಕಂತಿನ ಮೇಲೆ ಕೊಂಡಾಗ, ಇದೊಂದಿದ್ದರೆ ತಾಳಕ್ಕೂ ರಾಗಕ್ಕೂ ತಾನೊಬ್ಬನೇ ಸಾಕು, ಇನ್ನೊಬ್ಬ ಗಿಟಾರಿನವನ ಹಂಗಿಲ್ಲವೆಂದು ತಾಯಿಯನ್ನು ಒಪ್ಪಿಸಲೆತ್ನಿಸಿದನಂತೆ. ಹುಡುಗನ ಲೆಕ್ಕ ಸರಿಯಾಗಿಯೇ ಇದ್ದಿತು: 1966ರಲ್ಲಿ ಕಟ್ಟಿದ ‘ಟೇಸ್ಟ್’ ತಂಡದಲ್ಲಿ ಮೂವರೇ.

ಅಲ್ಲಿಂದ ಮುಂದೆ ಕಾಲವೇ ಮಗ್ಗುಲು ಬದಲಿಸಿತು. ಕುಣಿಯಲು ಬರುತ್ತಿದ್ದ ತರುಣರು ವೇದಿಕೆಗೆ ಮುಖಮಾಡಿ ನಿಂತು ಕೇಳತೊಡಗಿದರು; ಡಿಸ್ಕೋಗಳು ಬಂದು ನೃತ್ಯಶಾಲೆಗಳು ಬರಿದಾದವು; 1975ರ ಜುಲೈಯಲ್ಲಿ ಮಯಾಮಿ ಷೋಬ್ಯಾಂಡಿನ ಮೂವರನ್ನು ಬಂದೂಕುಧಾರಿಗಳು ನಡುರಸ್ತೆಯಲ್ಲಿ ಕೊಂದ ಮೇಲಂತೂ ಉತ್ತರ ಐರ್ಲೆಂಡಿನ ಗಡಿ ದಾಟಿ ನುಡಿಸುವುದೆಂದರೆ ಎದೆ ನಡುಗುವಂತಾಯಿತು. ಹೊರಗಿನ ತಂಡಗಳು ಬೆಲ್‌ಫಾಸ್ಟಿನ ಹೆಸರೆತ್ತಲೂ ಅಂಜುತ್ತಿದ್ದ ಆ ವರ್ಷಗಳಲ್ಲಿ ರೋರಿ ಅಲ್ಲಿನ ಅಲ್‌ಸ್ಟರ್ ಹಾಲಿಗೆ ಮತ್ತೆ ಮತ್ತೆ ಹೋಗಿ ನುಡಿಸಿದನೆಂಬುದನ್ನು ಆ ಊರಿನವರು ಮರೆತಿಲ್ಲ.

1974ರ ಜನವರಿಯಲ್ಲಿ ಕಾರ್ಕಿನ ಸಿಟಿ ಹಾಲಿನಲ್ಲಿ ಆತನನ್ನು ಕೇಳಿದೆ. ಚೌಕುಳಿ ಅಂಗಿ, ಜೀನ್ಸು. ಬೆವರಿಗೂ ಉಜ್ಜಾಟಕ್ಕೂ ಬಣ್ಣವೆಲ್ಲ ಕಳಚಿ ಕಟ್ಟಿಗೆ ಕಾಣುತ್ತಿದ್ದ ಅದೇ ಗಿಟಾರು. ಬೆರಳಿಗೆ ಸ್ಲೈಡ್ ಕೊಳವೆಯನ್ನೇರಿಸಿ ತಂತಿಯ ಮೇಲೆ ಜಾರಿಸಿದಾಗ ಹೊಮ್ಮಿದ ನಾದವು, ಸ್ವರದಿಂದ ಸ್ವರಕ್ಕೆ ನಮ್ಮ ವೈಣಿಕರ ಗಮಕದಂತೆ ಕೊಂಕುತ್ತ ಸಾಗಿದುದನ್ನು ಕೇಳಿ ನಾನು ಬೆರಗಾದೆ. ಸ್ವರಲಿಪಿಯ ಹಾಳೆಯೊಂದೂ ಎದುರಿಗಿರಲಿಲ್ಲ. ಆದರೂ ಸಭೆಯ ಉಸಿರನ್ನರಿತು ಹಾಡನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಥಟ್ಟನೆ ಮುರಿಯಬೇಕೆಂಬ ಆ ವಿವೇಕವು ಹುಟ್ಟಿನಿಂದ ಬಂದುದಲ್ಲ. ದಣಿದ ಜನರನ್ನು ರಾತ್ರಿಯೆಲ್ಲ ಕುಣಿಸಿದ ಷೋಬ್ಯಾಂಡಿನಲ್ಲಿ ಕಲಿತುದು. ಆ ತಂಡಗಳನ್ನು ನಕಲಿಗಾರರ ಗುಂಪೆಂದು ಹಳಿಯುವ ವಿಮರ್ಶಕರು ಇದನ್ನು ಒಪ್ಪಲಿಕ್ಕಿಲ್ಲ, ಒಪ್ಪದಿದ್ದರೆ ನಷ್ಟವೇನೂ ಇಲ್ಲ.

ಆತನನ್ನು ಹೊಸದಾಗಿ ಕೇಳಬಯಸುವವರು ಸ್ಟುಡಿಯೋದ ಮುದ್ರಿಕೆಗಳನ್ನು ಆಮೇಲಕ್ಕಿಟ್ಟು, ಆ ಜನವರಿಯ ಕಛೇರಿಗಳಿಂದ ಆರಿಸಿದ ‘ಐರಿಷ್ ಟೂರ್’ ಎಂಬ ಧ್ವನಿಮುದ್ರಿಕೆಯಿಂದಲೇ ತೊಡಗುವುದು ಲೇಸು.